ಹತ್ತು ಉತ್ತರ ಕಲಿಸಿದ ನರಿ ಮೇಷ್ಟ್ರು

ಒಂದು ಕಾಡಿನಲ್ಲಿ ಮರಿಗಳಿಗೂ ಪರೀಕ್ಷೆ ಇತ್ತು. ಮಳೆಗಾಲ ಮುಗಿದು ಹುಲ್ಲು ಹೊಂಬಣ್ಣಕ್ಕೆ ತಿರುಗಿತೆಂದರೆ, ಆ ವರ್ಷ ಹುಟ್ಟಿದ ಮರಿಗಳೆಲ್ಲ ಹೊಂಗೆ ಮರದ ಕೆಳಗೆ ಸೇರಬೇಕು. ಮುದಿ ಆನೆಯೊಂದು ಹತ್ತು ಪ್ರಶ್ನೆ ಕೇಳುತ್ತಿತ್ತು. ಅವಳನ್ನು ಕಾಡೆಲ್ಲ ದೊಡ್ಡಮ್ಮ ಅಂತ ಕರೆಯುತ್ತಿತ್ತು. ಐದು ಪ್ರಶ್ನೆ ಲೆಕ್ಕದ್ದು, ಐದು ಮಾತಿನದ್ದು. ಲೆಕ್ಕ ಅಂದರೆ ಎಷ್ಟು ಬಂದವು, ಎಷ್ಟು ಹೋದವು, ಎಷ್ಟು ಉಳಿದವು ಅನ್ನುವುದು. ಮಾತು ಅಂದರೆ ತನ್ನ ಜಾತಿಯ ಮಾತಲ್ಲ, ಪರರ ಕೂಗು. ಕಪ್ಪು ಮೂತಿಯ ಮುಸುವ ಕೋತಿ ಕೊಂಬೆಯ ಮೇಲಿಂದ ಕೆಮ್ಮಿದರೆ ಏನರ್ಥ, ಅಳಿಲು ಬಾಲ ಎತ್ತಿ ಚಿಟಚಿಟ ಅಂದರೆ ಏನರ್ಥ, ಇಂಥವು.

ಎಂಟು ಉತ್ತರ ಸರಿಯಾದರೆ ಮರಿ ಪಾಸು. ಪಾಸಾದ ಮರಿ ಅಮ್ಮನನ್ನು ಬಿಟ್ಟು ಒಂಟಿಯಾಗಿ ಕೆರೆಗೆ ಹೋಗಿ ನೀರು ಕುಡಿಯಬಹುದು. ಫೇಲಾದ ಮರಿ ಇನ್ನೊಂದು ವರ್ಷ ಅಮ್ಮನ ಕಾಲಡಿಯಲ್ಲೇ ಇರಬೇಕು.

ಅದೇ ಕಾಡಿನ ಬಿದಿರುಮೆಳೆಯಲ್ಲಿ ಸಿದ್ದವ್ವ ಎಂಬ ಕಾಡುಕೋಳಿ ಇದ್ದಳು. ಅವಳು ಕಾವು ಕೂತು ಮರಿ ಮಾಡಿದ ಮೊಟ್ಟೆ ಆರು. ಹಾವಿಗೆ ಹೋದದ್ದು ಹಾವಿಗೆ, ಹದ್ದಿಗೆ ಹೋದದ್ದು ಹದ್ದಿಗೆ. ಕೊನೆಗೆ ಉಳಿದದ್ದು ಒಂದೇ ಮರಿ, ಗುಂಜಿ. ಅದಕ್ಕೇ ಸಿದ್ದವ್ವನಿಗೆ ಎಲ್ಲದರಲ್ಲೂ ಅನುಮಾನ. ಗಾಳಿ ಬೀಸಿದರೆ ಯಾಕೆ ಬೀಸಿತು ಅಂತ ಕತ್ತೆತ್ತಿ ನೋಡುವಳು. ಬೀಸದಿದ್ದರೆ ಯಾಕೆ ನಿಂತಿತು ಅಂತ ನೋಡುವಳು.

ಆ ವರ್ಷ ಪರೀಕ್ಷೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ, ಜಂಬಣ್ಣ ಎಂಬ ನರಿ ಹುತ್ತದ ಮೇಲೆ ನಿಂತು ಸಾರಿದ.

"ತಾಯಂದಿರಾ, ನಿಮ್ಮ ಮರಿಗಳನ್ನು ನನ್ನ ಹತ್ತಿರ ಪಾಠಕ್ಕೆ ಕಳಿಸಿ! ಹತ್ತಕ್ಕೆ ಹತ್ತು ತೆಗೆಸುತ್ತೇನೆ. ಒಂದೇ ಒಂದು ಮರಿ ಫೇಲಾದರೂ ನನ್ನ ಹೆಸರು ಜಂಬಣ್ಣ ಅಲ್ಲ."

"ಬದಲಿಗೆ ನಿನಗೆ ಏನು ಕೊಡಬೇಕಪ್ಪ?" ಎಂದು ಕೇಳಿದಳು ಜಿಂಕೆ ಚಂದ್ರಮ್ಮ.

"ಅಯ್ಯೋ ಶಿವನೇ! ವಿದ್ಯೆ ಹೇಳಿಕೊಡಲು ಯಾರಾದರೂ ಕೂಲಿ ಕೇಳುತ್ತಾರೇನಮ್ಮ? ಒಂದು ಗೆಣಸೂ ಬೇಡ. ಮರಿಗಳೆಲ್ಲ ಪಾಸಾಗಿ, ಕುಣಿಯುತ್ತಾ ಕೆರೆ ಕಡೆ ಬರುವುದನ್ನು ನೋಡಿದರೆ ಸಾಕು, ನನ್ನ ಹೊಟ್ಟೆ ತುಂಬುತ್ತದೆ."

ತಾಯಂದಿರಿಗೆ ಕಣ್ಣು ಒದ್ದೆಯಾಯಿತು. ಎಂಥಾ ಗುಣವಂತ ಮೇಷ್ಟ್ರು ಅಂದರು. ಸಿದ್ದವ್ವ ಮಾತ್ರ ಕಾಲಿನಿಂದ ಮಣ್ಣು ಕೆದಕುತ್ತಾ ನಿಂತಳು. 'ಕೆರೆ ಹತ್ತಿರ ಇವನಿಗೇನು ಕೆಲಸ? ನರಿ ಬಿಟ್ಟಿ ಪಾಠ ಹೇಳಿದ್ದನ್ನು ನಮ್ಮಜ್ಜಿಯೂ ಕಂಡಿರಲಿಲ್ಲ, ನಮ್ಮಜ್ಜಿಯ ಅಜ್ಜಿಯೂ ಕಂಡಿರಲಿಲ್ಲ' ಅಂದುಕೊಂಡಳು.

ಆದರೆ ಗುಂಜಿ ಬಿಡಬೇಕಲ್ಲ? "ಎಲ್ಲರೂ ಹೋಗ್ತಾರೆ, ನಾನೊಬ್ಬಳೇ ದಡ್ಡಿ ಆಗ್ಬೇಕಾ?" ಅಂತ ನೆಲಕ್ಕೆ ಬಿದ್ದು ಹೊರಳಿತು. ಸಿದ್ದವ್ವ ಕಳಿಸಿದಳು. ಕಳಿಸಿ, ತಾನೂ ಹಿಂದೆಯೇ ಹೋಗಿ ಮರದ ಕೊಂಬೆಯ ಮೇಲೆ ಕೂತಳು.

ಜಂಬಣ್ಣ ಯಾವ ಮರಿಯನ್ನೂ ಮುಟ್ಟಲಿಲ್ಲ, ಮೂಸಲಿಲ್ಲ. ಹತ್ತು ಮಾರು ದೂರ ನಿಂತೇ ಪಾಠ ಹೇಳಿದ. ಅದನ್ನು ನೋಡಿ ಸಿದ್ದವ್ವನ ಅನುಮಾನ ಇನ್ನೂ ಹೆಚ್ಚಾಯಿತು. ಕೊಬ್ಬಿದ ಮರಿಗಳ ಮುಂದೆ ಕೈಕಟ್ಟಿ ಕೂರುವ ನರಿ ಯಾವುದೋ ದೊಡ್ಡ ಊಟಕ್ಕೇ ಹೊಟ್ಟೆ ಖಾಲಿ ಇಟ್ಟುಕೊಂಡಿರಬೇಕು!

"ಒಂದನೇ ಉತ್ತರ?" ಎಂದು ಕೂಗಿದ ಜಂಬಣ್ಣ.

"ಐದು!" ಎಂದವು ಮರಿಗಳು.

"ಎರಡನೇ ಉತ್ತರ?"

"ಹನ್ನೊಂದು!"

"ಆರನೇ ಉತ್ತರ?"

"ಹುಲಿ ಬಂತು, ಓಡು!"

ಮುಳ್ಳುಹಂದಿಯ ಮರಿಯೊಂದು ಮೆಲ್ಲಗೆ ಕೇಳಿತು. "ಮೇಷ್ಟ್ರೇ, ಇದಕ್ಕೆಲ್ಲ ಪ್ರಶ್ನೆ ಯಾವುದು?"

"ಪ್ರಶ್ನೆ ಕೇಳೋದು ದೊಡ್ಡಮ್ಮನ ಕೆಲಸ, ಉತ್ತರ ಹೇಳೋದು ನಿನ್ನ ಕೆಲಸ. ಬಾಯಿ ಮುಚ್ಚಿಕೊಂಡು ಉತ್ತರ ಹೇಳು!"

ಅವನ ಗುಟ್ಟು ಇಷ್ಟೇ. ದೊಡ್ಡಮ್ಮ ಪ್ರತಿ ವರ್ಷ ಅವೇ ಹತ್ತು ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ ಕೇಳುತ್ತಿದ್ದಳು. ಅವಳ ಅಜ್ಜಿ ಹಾಗೆ ಕೇಳುತ್ತಿದ್ದಳು, ತಾಯಿ ಹಾಗೆ ಕೇಳುತ್ತಿದ್ದಳು. ಆನೆಗೆ ಮರೆವಿಲ್ಲ. ಮರೆಯದವರಿಗೆ ಬದಲಿಸುವ ಯೋಚನೆಯೂ ಬರುವುದಿಲ್ಲ. ಜಂಬಣ್ಣ ಎರಡು ವರ್ಷ ಹುತ್ತದ ಹಿಂದೆ ಅಡಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಒಂದು ಸಂಜೆ ಸಿದ್ದವ್ವ ಎಂಟು ಎಲಚಿ ಹಣ್ಣು ತಂದು ಗುಂಜಿಯ ಮುಂದಿಟ್ಟಳು. ಮೂರನ್ನು ಕೊಕ್ಕಿನಿಂದ ಎತ್ತಿ ಆಚೆ ಹಾಕಿದಳು.

"ಎಷ್ಟು ಉಳಿದವು, ಹೇಳು ನೋಡೋಣ."

"ಇದು ಎಷ್ಟನೇ ಪ್ರಶ್ನೆ ಅವ್ವಾ?"

"ಎಷ್ಟನೇದಾದರೆ ಏನೇ? ಎಣಿಸು."

"ಎಷ್ಟನೇದು ಅಂತ ಹೇಳದೇ ಇದ್ದರೆ ಉತ್ತರ ಹೇಗೆ ಹೇಳಲಿ?"

ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ಮುಸುವ ಖರ್ ಖರ್ ಎಂದು ಕೆಮ್ಮಿತು. ಸುತ್ತಲಿನ ಹಕ್ಕಿಗಳೆಲ್ಲ ಪಟಪಟ ಮೇಲೆದ್ದವು. ಗುಂಜಿ ಮಾತ್ರ ಹಣ್ಣು ಕುಕ್ಕುತ್ತಾ ನಿಂತಿತ್ತು. ಸಿದ್ದವ್ವ ಅದನ್ನು ತಳ್ಳಿಕೊಂಡೇ ಕೊಂಬೆ ಹತ್ತಿಸಿದಳು. ಕೆಳಗೆ ಹುಲ್ಲಿನಲ್ಲಿ ಪಟ್ಟೆ ಪಟ್ಟೆಯ ಮೈಯೊಂದು ಸರಿದುಹೋಯಿತು.

"ಮುಸುವ ಕೆಮ್ಮಿದ್ದು ಕೇಳಲಿಲ್ಲವೇನೇ?" ಎಂದು ಸಿದ್ದವ್ವ ಗದರಿದಳು.

"ಅದು ಮುಸುವನಾ? ಮೇಷ್ಟ್ರು ಅದನ್ನೆಲ್ಲ ಕೇಳಿಸಿಲ್ಲ. ಆರನೇದು 'ಹುಲಿ ಬಂತು, ಓಡು' ಅಂತ ನನಗೆ ಚೆನ್ನಾಗಿ ಬರುತ್ತೆ!"

ಮಾರನೆಯ ದಿನ ಸಿದ್ದವ್ವ ನೇರ ಜಂಬಣ್ಣನನ್ನೇ ಕೇಳಿದಳು, ಎರಡಾಳು ಎತ್ತರದ ಕೊಂಬೆಯ ಮೇಲಿಂದ.

"ಮೇಷ್ಟ್ರೇ, ನನ್ನ ಮರಿಗೆ ಎಣಿಸೋಕೇ ಬರಲ್ಲ."

"ಪಾಸಾಗೋಕೆ ಬರುತ್ತಲ್ಲ ಸಿದ್ದವ್ವ!"

"ಪಾಸಾಗಿ ಒಂಟಿಯಾಗಿ ಕೆರೆಗೆ ಹೋದ ಮೇಲೆ?"

ಜಂಬಣ್ಣ ಒಮ್ಮೆ ಎಂಜಲು ನುಂಗಿದ. "ಆಮೇಲಿನದು ನನಗೆ ಬಿಡು" ಎಂದ.

ಸಿದ್ದವ್ವನ ಗರಿಗಳೆಲ್ಲ ನಿಮಿರಿದವು. ಓಡಿಹೋಗಿ ತಾಯಂದಿರಿಗೆಲ್ಲ ಹೇಳಿದಳು. ಯಾರು ಕೇಳುತ್ತಾರೆ? ಚಂದ್ರಮ್ಮ ಮೂಗು ಮುರಿದಳು.

"ನಿನ್ನ ಮರಿಗೆ ತಲೆಗೆ ಹತ್ತಲಿಲ್ಲ ಅಂತ ನಮ್ಮ ಮರಿಗಳಿಗೆ ಕಲ್ಲು ಹಾಕ್ಬೇಡ ಕಣೇ. ನನ್ನ ಮಗ ಹತ್ತನ್ನೂ ಒಂದೇ ಉಸಿರಲ್ಲಿ ಹೇಳ್ತಾನೆ."

"ಪ್ರಶ್ನೆ ಕೇಳಿ ಹೇಳ್ತಾನಾ?"

"ಕೇಳೋದಕ್ಕೂ ಮುಂಚೆ ಹೇಳ್ತಾನೆ! ಅಷ್ಟು ಚುರುಕು!"

ಎಲ್ಲರೂ ನಕ್ಕರು. ಸಿದ್ದವ್ವ ಗುಂಜಿಯನ್ನು ಪಾಠದಿಂದ ಬಿಡಿಸಿದಳು. ಆಗ ಪರೀಕ್ಷೆಗೆ ಉಳಿದದ್ದು ಎಂಟೇ ದಿನ. ಬೆಳಗ್ಗೆ ಎಲಚಿ ಹಣ್ಣು ಹರಡಿ ಎಣಿಸಿದರು, ಕೂಡಿದರು, ಕಳೆದರು. ಮಧ್ಯಾಹ್ನ ಕೊಂಬೆಯ ಮೇಲೆ ಕಣ್ಣು ಮುಚ್ಚಿ ಕೂತು, ಯಾವ ಕೂಗು ಯಾರದು ಅಂತ ಕೇಳಿದರು. ಗುಂಜಿ ಮುಖ ಊದಿಸಿಕೊಂಡೇ ಕಲಿತಿತು. ಅಳುತ್ತಾ ಎಣಿಸಿತು, ಎಣಿಸುತ್ತಾ ಅತ್ತಿತು.

ಅಷ್ಟಕ್ಕೇ ಸಿದ್ದವ್ವನಿಗೆ ಸಮಾಧಾನವಾಗಲಿಲ್ಲ. ಮಿಕ್ಕ ಮರಿಗಳ ಗತಿ? ಅವಳು ದೊಡ್ಡಮ್ಮನ ಬಳಿ ಹೋದಳು.

"ದೊಡ್ಡಮ್ಮಾ, ಪ್ರಶ್ನೆ ಬದಲಿಸಬೇಡಿ. ಈ ಸಲ ಹತ್ತನೇದರಿಂದ ಶುರುಮಾಡಿ, ಅಷ್ಟೇ. ತಿಳಿದ ಮರಿಗೆ ತಲೆಯಿಂದ ಕೇಳಿದರೇನು, ಬಾಲದಿಂದ ಕೇಳಿದರೇನು?"

ದೊಡ್ಡಮ್ಮ ಕಿವಿ ಬೀಸಿದಳು. "ನನ್ನಜ್ಜಿ ಹೀಗೆ ಕೇಳಿದವಳಲ್ಲ. ಆಗಲಿ, ನೋಡೋಣ. ಆದರೆ ನಿನ್ನ ಮರಿಗೂ ಹಾಗೇ ಕೇಳುತ್ತೇನೆ. ಫೇಲಾದರೆ ನನ್ನ ಹತ್ತಿರ ಬಂದು ಅಳಬಾರದು."

ಸಿದ್ದವ್ವ ಹೂಂ ಅಂದಳು. ಮೆಳೆಗೆ ಬಂದವಳೇ ಗುಂಜಿಯ ಮುಂದೆ ಇನ್ನಷ್ಟು ಎಲಚಿ ಹಣ್ಣು ಹರಡಿದಳು.

ಪರೀಕ್ಷೆಯ ದಿನ ಬಂತು. ಮೊದಲು ಚಂದ್ರಮ್ಮನ ಮಗ ಎದ್ದು ನಿಂತ.

"ನವಿಲು ಹಾಡುಹಗಲೇ ಒಂದೇ ಸಮ ಕಿರುಚಿದರೆ ಏನು ಮಾಡುತ್ತೀಯಪ್ಪ?" ಎಂದಳು ದೊಡ್ಡಮ್ಮ.

"ಐದು!" ಎಂದ ಅವನು ಎದೆಯುಬ್ಬಿಸಿ.

ಮುಳ್ಳುಹಂದಿಯ ಮರಿಗೆ ಐದು ಪ್ರಶ್ನೆ ತಪ್ಪಿತು. ಆರನೆಯದಾಗಿ ದೊಡ್ಡಮ್ಮ, "ಮೂರು ಕೊಂಬೆ, ಕೊಂಬೆಗೆ ನಾಲ್ಕು ಹಣ್ಣು, ಒಟ್ಟು ಎಷ್ಟು?" ಎಂದಳು. "ಹುಲಿ ಬಂತು, ಓಡು!" ಎಂದು ಅದು ಕಿರುಚಿತು. ಹಿಂದಿನ ಸಾಲಿನ ಹಂದಿಮರಿಗಳು ನಿಜವಾಗಿಯೂ ಓಡಿಯೇ ಹೋದವು. ಅವುಗಳನ್ನು ಹಿಡಿದು ತರುವುದರಲ್ಲಿ ಅರ್ಧ ಹೊತ್ತು ಕಳೆಯಿತು.

ಗುಂಜಿಯ ಸರದಿ ಬಂತು. ಅದು ಕಾಲ್ಬೆರಳು ನೋಡಿಕೊಂಡು ಎಣಿಸಿತು, ಕಣ್ಣು ಮುಚ್ಚಿ ಯೋಚಿಸಿತು, ತಡವರಿಸಿತು. ಆರು ಸರಿಯಾಯಿತು, ನಾಲ್ಕು ತಪ್ಪಾಯಿತು. ಎಂಟಾಗದೆ, ಮಿಕ್ಕ ಮರಿಗಳೆಲ್ಲದರ ಹಾಗೆ ಅದೂ ಫೇಲು.

"ಎಲ್ಲಾ ನಿನ್ನಿಂದಲೇ ಅವ್ವಾ!" ಎಂದು ಗುಂಜಿ ಬಿಕ್ಕಿತು. ಪ್ರಶ್ನೆಯ ಸಾಲು ತಿರುಗಿಸಿದ್ದು ಯಾರ ಮಾತಿಗೆ ಎಂದು ದೊಡ್ಡಮ್ಮನಿಂದಲೇ ತಿಳಿದ ತಾಯಂದಿರೂ ಸಿದ್ದವ್ವನನ್ನು ಸುತ್ತುಗಟ್ಟಿ ಬೈದರು. "ನಮ್ಮ ಮಕ್ಕಳ ಒಂದು ವರ್ಷ ನುಂಗಿದೆಯಲ್ಲೇ, ಮಹಾತಾಯಿ!" ಸಿದ್ದವ್ವ ತಲೆ ತಗ್ಗಿಸಿ ನಿಂತಳು. ನನ್ನ ಅನುಮಾನವೇ ಸುಳ್ಳೋ ಏನೋ ಎಂದು ಮೊದಲ ಸಲ ಅನಿಸಿತು.

ಆಗ ಹುತ್ತದ ಹಿಂದಿನಿಂದ ಜಂಬಣ್ಣ ಓಡಿ ಬಂದ. "ದೊಡ್ಡಮ್ಮ, ಈ ಪರೀಕ್ಷೆ ಲೆಕ್ಕಕ್ಕಿಲ್ಲ! ಪಾಪ, ಬಿಸಿಲು ಏರಿದೆ, ಮರಿಗಳಿಗೆ ಬಾಯಾರಿದೆ. ಎಲ್ಲವೂ ಪಾಸು ಅನ್ನಿ, ಕೆರೆಗೆ ಬಿಟ್ಟುಬಿಡಿ. ಬೇಗ ಬಿಡಿ!"

'ಮರಿಗಳ ಬಾಯಾರಿಕೆಗೆ ಇವನ ನಾಲಿಗೆ ಯಾಕೆ ಹೊರಗೆ ಬಂದಿದೆ?' ಸಿದ್ದವ್ವನ ಅನುಮಾನ ಮತ್ತೆ ತಲೆಯೆತ್ತಿತು.

"ಈ ವರ್ಷ ಯಾವ ಮರಿಯೂ ಒಂಟಿಯಾಗಿ ಹೋಗುವ ಹಾಗಿಲ್ಲ. ತಾಯಂದಿರೆಲ್ಲ ಜೊತೆಗೆ ನಡೆಯಿರಿ. ನಾನೂ ಬರುತ್ತೇನೆ" ಎಂದಳು ದೊಡ್ಡಮ್ಮ.

ಅದನ್ನು ಕೇಳಿದ್ದೇ ತಡ, ಜಂಬಣ್ಣ ಕಾಲುದಾರಿ ಹಿಡಿದು ಓಟ ಕಿತ್ತ. ಎಲ್ಲರೂ ಕೆರೆಯ ದಾರಿ ಹಿಡಿದರು. ಸಿದ್ದವ್ವ ಗುಂಜಿಯನ್ನು ಕರೆದುಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಎಲ್ಲರಿಗಿಂತ ಮುಂದೆ ಹೋಗಿ, ದಡದ ಮತ್ತಿ ಮರದಲ್ಲಿ ಕೂತಳು.

ದಡದಲ್ಲಿ ನಾಲ್ಕು ನರಿಗಳು ಕಾಯುತ್ತಾ ನಿಂತಿದ್ದವು. ಗುಡ್ಡದಾಚೆಯ ಜಂಬಣ್ಣನ ನೆಂಟರು. ಅವನು ಬಂದವನೇ ಅವರನ್ನೆಲ್ಲ ಲಂಟಾನ ಪೊದೆಯೊಳಕ್ಕೆ ತಳ್ಳಿ ತಾನೂ ನುಗ್ಗಿದ. ಒಳಗಿನಿಂದ ಗುರುಗುಟ್ಟುವ ಸದ್ದು ಬಂತು. ಅಷ್ಟು ಹೊತ್ತಿಗೆ ಬಂದು ಮುಟ್ಟಿದ ತಾಯಂದಿರಿಗೂ ಅದು ಕೇಳಿಸಿತು.

"ಎಲ್ಲೋ ಮರಿಗಳು? ಎಣಿಸೋಕೆ ಬಾರದವು, ಕೂಗು ತಿಳಿಯದವು, ಸಾಲಾಗಿ ಬಂದು ಬಾಯಿಗೆ ಬೀಳುತ್ತವೆ ಅಂದೆಯಲ್ಲೋ?"

"ಎರಡು ದಿನದಿಂದ ಉಪವಾಸ ಕೆಡವಿದೆಯಲ್ಲೋ, ಮೇಷ್ಟ್ರ ಮಗನೇ! ಹಿಡಿಯಿರೋ ಅವನನ್ನ!"

ಕಚ್ಚಿದ ಸದ್ದು, ಕೂಗಿದ ಸದ್ದು. ಪೊದೆ ಅಲುಗಿತು. ಆನೆಯ ವಾಸನೆ ಬಡಿದದ್ದೇ ನರಿಗಳು ಹೊರಗೆ ಹಾರಿ, ಕೆರೆ ಬಳಸಿ ಓಡಿದವು. "ಹೋದವು, ಹೋದವು!" ಎನ್ನುತ್ತಾ ಚಂದ್ರಮ್ಮನ ಮಗ ನೀರಿನ ಕಡೆಗೆ ನೆಗೆದ. ಅವನ ದಾರಿ ಆ ಪೊದೆಯ ಪಕ್ಕದಲ್ಲೇ ಇತ್ತು.

"ನಿಲ್ಲೋ!" ಮರದ ಮೇಲಿಂದ ಗುಂಜಿ ಕಿರುಚಿತು. "ಒಳಗೆ ಹೋದದ್ದು ಐದು! ಹೊರಗೆ ಬಂದದ್ದು ನಾಲ್ಕು! ಇನ್ನೊಂದು ಒಳಗೇ ಇದೆ!"

ಜಿಂಕೆಮರಿ ನೆಗೆದ ಕಾಲನ್ನು ಹಾಗೇ ಹಿಂದಕ್ಕೆ ಎಳೆದುಕೊಂಡ. ದೊಡ್ಡಮ್ಮ ಸೊಂಡಿಲಿನಿಂದ ಪೊದೆ ಸರಿಸಿದಳು. ಒಳಗೆ ಜಂಬಣ್ಣ ಮುದುಡಿ ಕೂತಿದ್ದ. ಒಂದು ಕಿವಿ ಹರಿದಿತ್ತು, ಬೆನ್ನ ಮೇಲೆ ನೆಂಟರ ಹಲ್ಲಿನ ಗುರುತಿತ್ತು, ಬಾಯಿ ಮಾತ್ರ ಇನ್ನೂ ಜೊಲ್ಲು ಸುರಿಸುತ್ತಿತ್ತು.

"ದೊಡ್ಡಮ್ಮ, ನಾನು ಮೇಷ್ಟ್ರು..." ಎಂದ.

ದೊಡ್ಡಮ್ಮ ಅವನನ್ನು ಸೊಂಡಿಲಿನಲ್ಲಿ ಸುತ್ತಿ ಎತ್ತಿ, ಕೆರೆಯ ನಡುವಿನ ಕೆಸರುನೀರಿಗೆ ಎಸೆದಳು. ಅವನು ಮುಳುಗುತ್ತಾ ಏಳುತ್ತಾ ಆಚೆ ದಡಕ್ಕೆ ಈಜಿದ. ಆಚೆ ದಡದಲ್ಲಿ ಹಸಿದ ನಾಲ್ಕು ನೆಂಟರು ಸಾಲಾಗಿ ಕೂತು ಕಾಯುತ್ತಿದ್ದರು. ಆಮೇಲೆ ಜಂಬಣ್ಣನನ್ನು ಆ ಕಾಡಿನಲ್ಲಿ ಯಾರೂ ಕಾಣಲಿಲ್ಲ.

ಚಂದ್ರಮ್ಮ ಮಗನ ಮೈಯನ್ನು ನೆಕ್ಕಿ ನೆಕ್ಕಿ, ಕೊನೆಗೆ ಮರದ ಕಡೆ ತಲೆಯೆತ್ತಿದಳು. "ಸಿದ್ದವ್ವ, ನಾಳೆಯಿಂದ ಇವನನ್ನೂ ನಿನ್ನ ಹತ್ತಿರ ಕಳಿಸಲೇನೇ?"

"ಒಬ್ಬನನ್ನೇ ಯಾಕೆ ಕಳಿಸ್ತೀಯಾ? ನೀನೂ ಬಂದು ಪಕ್ಕದಲ್ಲಿ ಕೂತುಕೋ. ನಾನು ಏನು ಕಲಿಸ್ತೀನಿ ಅಂತ ನೋಡೋದು ಬೇಡವಾ?"

ದೊಡ್ಡಮ್ಮ ನಕ್ಕು, "ಇಷ್ಟು ಚೆನ್ನಾಗಿ ಎಣಿಸಿದೆಯಲ್ಲ ಗುಂಜಿ, ನಿನ್ನನ್ನು ಪಾಸು ಮಾಡಿಬಿಡಲೇ?" ಎಂದಳು.

ಗುಂಜಿ ಅವ್ವನ ಮುಖ ನೋಡಿತು. ಅವ್ವ ಅಡ್ಡಡ್ಡ ತಲೆಯಾಡಿಸಿದಳು.

"ಬೇಡ ದೊಡ್ಡಮ್ಮಾ. ಆರೇ ಬಂದಿರೋದು. ಎಂಟು ಬರಲಿ, ಆಮೇಲೆ ಹೋಗ್ತಾಳೆ."

ಗುಂಜಿ ಈ ಸಲ ಮುಖ ಊದಿಸಲಿಲ್ಲ. ಅವ್ವನ ಪಕ್ಕದಲ್ಲೇ ಕೆರೆಗಿಳಿದು ನೀರು ಕುಡಿಯಿತು.

ನೀತಿ: ಅರ್ಥ ತಿಳಿಯದೆ ಉರುಹೊಡೆದ ಉತ್ತರ ಪರೀಕ್ಷೆ ದಾಟಿಸಬಹುದು, ಬದುಕು ದಾಟಿಸದು. ಕಲಿಸದೆಯೇ ಪಾಸು ಮಾಡಿಸುತ್ತೇನೆ ಎನ್ನುವವನಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಿಕೊಳ್ಳಬೇಕು.