ಸೀಸ ಕರಗುವ ನೆಲಕ್ಕೆ

ಹೊಳೆದಂಡೆಯಲ್ಲೊಂದು ಪ್ರಯೋಗಾಲಯ. ಉರಿಯಲ್ಲೂ ಕೆಡದ ಕಂಪ್ಯೂಟರ್ ಚಿಪ್ ಮಾಡುವ ವಿದ್ಯೆಯನ್ನು ಅಲ್ಲಿ ಧರಣೇಂದ್ರಯ್ಯನವರು ಕಲಿಸುತ್ತಿದ್ದರು. ಶಾಂಭವಿ ಅವರ ಶಿಷ್ಯೆ.

ಶುಕ್ರಗ್ರಹದ ಮೇಲೆ ಇಳಿಯುವ ನೌಕೆಗೆ ಒಂದು ಚಿಪ್ ಬೇಕಿತ್ತು. ಸೀಸವೂ ಕರಗುವಷ್ಟು ಬಿಸಿ ಆ ನೆಲ.

ಶಾಂಭವಿ ವರ್ಷವಿಡೀ ದುಡಿದು ಚಿಪ್ ಮಾಡಿದಳು. ದಪ್ಪ ಕವಚ ತೊಡಿಸಿ ಕುಲುಮೆಯಲ್ಲಿಟ್ಟಳು. ಗಂಟೆ ಕಳೆದರೂ ಅದರ ಸಂಕೇತ ಪರದೆಯ ಮೇಲೆ ಹಸಿರು ಗೆರೆಯಾಗಿ ಓಡುತ್ತಲೇ ಇತ್ತು.

"ತಡೆದುಕೊಂಡಿತು ಗುರುಗಳೇ," ಎಂದಳು.

"ಯಾವುದು?"

ಅವಳು ಪರದೆಯ ಗೆರೆಯತ್ತ ಬೆರಳು ತೋರಿಸಿದಳು.

"ಕವಚ ಎಷ್ಟು ಹೊತ್ತು ಕಾಯುತ್ತದೆ?"

"ಎರಡು ಗಂಟೆ."

"ನೌಕೆ ಅಲ್ಲಿ ಎಷ್ಟು ಕಾಲ ಇರಬೇಕು?"

"ತಿಂಗಳುಗಟ್ಟಲೆ."

ಗುರುಗಳು ಕವಚ ಬಿಚ್ಚಿ, ಬರಿಯ ಚಿಪ್ ಅನ್ನು ಮತ್ತೆ ಕುಲುಮೆಯಲ್ಲಿಟ್ಟರು. ಗೆರೆ ನಡುಗಿತು. ಆಮೇಲೆ ಆರಿಹೋಯಿತು.

ಶಾಂಭವಿ ಕುಲುಮೆಯತ್ತ ಧಾವಿಸಿದಳು. "ವರ್ಷದ ಕೆಲಸ ಸುಟ್ಟುಬಿಟ್ಟಿರಲ್ಲ."

ಗುರುಗಳು ಸೂಕ್ಷ್ಮದರ್ಶಕವನ್ನು ಅವಳ ಕಡೆ ಸರಿಸಿದರು. "ಎಲ್ಲಿ ಸೋತಿತು ಅಂತ ಅದನ್ನೇ ಕೇಳು."

ಮುನಿಸಿನಲ್ಲೇ ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ಮುನಿಸು ಮರೆತಳು.

ಮಾಮೂಲಿ ಸಿಲಿಕಾನ್ ಬಿಟ್ಟು, ಅದಕ್ಕಿಂತ ಬಿಸಿ ತಾಳುವ ಸಿಲಿಕಾನ್ ಕಾರ್ಬೈಡ್ ಹಿಡಿದಳು. ಆಗ ಬೆಸುಗೆ ಬಿಟ್ಟಿತು. ಬೆಸುಗೆಯ ಲೋಹ ಬದಲಿಸಿದಳು. ತಂತಿ ಕಿತ್ತುಬಂತು. ಒಂದೊಂದು ಸುಟ್ಟ ಚಿಪ್ ಕೂಡ ಅವಳಿಗೊಂದು ಮಾತು ಹೇಳಿ ಹೋಯಿತು. ಗುರುಗಳು ಬಾಯಿ ಹಾಕಲಿಲ್ಲ.

ಕೊನೆಗೊಂದು ಬೆಳಿಗ್ಗೆ ನೌಕೆಯ ಅಧಿಕಾರಿಗಳು ಪರೀಕ್ಷೆಗೆ ಬಂದರು. ಶಾಂಭವಿ ಬರಿಯ ಚಿಪ್ ಇಟ್ಟು, ಪಕ್ಕದಲ್ಲೊಂದು ಸೀಸದ ತುಂಡು ಇಟ್ಟು, ಕುಲುಮೆ ಹೊತ್ತಿಸಿದಳು.

ಸೀಸ ಬೆವರಿತು, ಕುಸಿಯಿತು, ನೀರಾಯಿತು. ಗೆರೆ ಅಲುಗಲಿಲ್ಲ.

"ಸಾಕಮ್ಮ, ತೆಗೆದುಬಿಡಿ," ಎಂದರು ಹಿರಿಯ ಅಧಿಕಾರಿ. "ಹಾಳಾದೀತು."

"ಇರಲಿ ಸರ್," ಎಂದಳು ಶಾಂಭವಿ. "ಅದಕ್ಕೆ ಇದು ಮನೆ."

ಊಟ ಮುಗಿಸಿ ಬಂದರು, ಗೆರೆ ಓಡುತ್ತಿತ್ತು. ಮರುದಿನ ಬಂದರು, ಓಡುತ್ತಿತ್ತು. ವಾರ ಕಳೆದು ಬಂದಾಗಲೂ ಓಡುತ್ತಲೇ ಇತ್ತು.

ಅಧಿಕಾರಿ ಧರಣೇಂದ್ರಯ್ಯನವರಿಗೆ ಕೈ ಮುಗಿದು ಪೆನ್ನು ತೆಗೆದರು. "ನೌಕೆಯೊಳಗೆ ಒಂದು ಫಲಕ ಇಡುತ್ತೇವೆ. ಚಿಪ್ ಮಾಡಿದವರು ಅಂತ ತಮ್ಮ ಹೆಸರು ಹಾಕಲೇ?"

"ಮಾಡಿದವಳು ಅಲ್ಲಿದ್ದಾಳೆ. ಅವಳ ಹೆಸರು ಹಾಕಿ."

"ಮತ್ತೆ ತಮ್ಮನ್ನು ಏನೆಂದು ಬರೆಯಲಿ? ಪ್ರಯೋಗಾಲಯದ ಮುಖ್ಯಸ್ಥರು ಅಂತಲೇ?"

ಕುಲುಮೆಯ ಮುಂದೆ ನಿಂತಿದ್ದ ಶಾಂಭವಿಯನ್ನು ಗುರುಗಳು ಕಣ್ತುಂಬ ನೋಡಿದರು.

"ಶಾಂಭವಿಯ ಮೇಷ್ಟ್ರು ಅಂತ ಬರೆಯಿರಿ."