ಮುದುಕಿ ಮಾಡಿದ ಗಾಳದ ಕೋಲು

"ಗುರುಗಳೇ, ಆನಂದವಿರುವುದು ಮನಸ್ಸಿನಲ್ಲಿ ಎಂದು ತಾವೇ ಹೇಳಿದ್ದೀರಿ. ಹಾಗಿದ್ದ ಮೇಲೆ ಕೈಯಲ್ಲಿರುವ ಸಲಕರಣೆ ಹೇಗಿದ್ದರೇನು?" ಎಂದು ಶಿಷ್ಯ ಬಸವಂತ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ನೇಕಾರನಿದ್ದ. ಆರು ದಿನ ಮಗ್ಗದ ಮುಂದೆ ಕೂತು ನೇಯುತ್ತಿದ್ದ. ಏಳನೆಯ ದಿನ ಮಗ್ಗಕ್ಕೆ ಬಿಡುವು. ಆ ದಿನ ಹೊಳೆಗೆ ಹೋಗಿ ಗಾಳ ಹಾಕುವುದೆಂದರೆ ಅವನಿಗೆ ಪ್ರಾಣ. ಮೀನಿನ ಆಸೆಗಲ್ಲ, ಸಿಕ್ಕಿದ್ದನ್ನು ಮತ್ತೆ ನೀರಿಗೇ ಬಿಡುತ್ತಿದ್ದ. ಹರಿಯುವ ನೀರಿನ ಎದುರು ಕೂತರೆ ವಾರದ ದಣಿವೆಲ್ಲ ಇಳಿಯುತ್ತಿತ್ತು.

ಒಂದು ವರ್ಷ ಅವನಿಗೆ ವಿಷಮಜ್ವರ ಬಂತು. ಜೀವ ಉಳಿಯಿತು, ಬಲಗೈ ಸೋತಿತು. ಮಗ್ಗದ ಕೆಲಸವನ್ನು ಎಡಗೈಯ ಆಸರೆಯಿಂದ ಹೇಗೋ ಸಾಗಿಸಿದ. ಹೊಳೆಯಲ್ಲಿ ಮಾತ್ರ ಸಾಗಲಿಲ್ಲ. ಅವನ ಗಾಳದ ಕೋಲು ಬೇಲಿಯಿಂದ ಕಿತ್ತ ಒರಟು ಬಿದಿರಿನ ಗಳ. ಭಾರವೂ ಹೌದು, ಸೊಟ್ಟವೂ ಹೌದು. ಸ್ವಲ್ಪ ಹೊತ್ತು ಹಿಡಿದರೆ ಮಣಿಕಟ್ಟು ಸೆಳೆಯುತ್ತಿತ್ತು. ಮೀನು ಕಚ್ಚಿದ್ದು ಕೈಗೆ ತಿಳಿಯುತ್ತಿರಲಿಲ್ಲ. ದಾರ ಹೋಗಿ ಜೊಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ಮೊದಲು ಇದೇ ಗಳ ಸಾಕಾಗಿತ್ತಲ್ಲ, ತಪ್ಪು ತನ್ನ ಕೈಯದೇ ಎಂದು ಅವನು ತಿಳಿದ. ಒಂದು ದಿನ ಅದನ್ನು ದಂಡೆಯ ಮೇಲೆ ಎಸೆದು, ಇನ್ನು ಇತ್ತ ಕಾಲಿಡುವುದಿಲ್ಲ ಎಂದುಕೊಂಡು ಮನೆಗೆ ಹೋದ.

ಅದೇ ದಂಡೆಯಲ್ಲಿ ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು ಬಿದಿರಿನ ಸೀಳುಗಳನ್ನು ನೆನೆಹಾಕುತ್ತಿದ್ದಳು. ಅವಳು ಎಲ್ಲವನ್ನೂ ನೋಡಿದಳು.

ಮೂರು ತಿಂಗಳು ಕಳೆದವು. ಬಿಡುವಿನ ದಿನ ನೇಕಾರ ಗೋಡೆ ನೋಡುತ್ತ ಕೂತಿರುತ್ತಿದ್ದ. ಒಂದು ಬೆಳಿಗ್ಗೆ ಮುದುಕಿ ಅವನ ಬಾಗಿಲಿಗೆ ಬಂದು ಒಂದು ಕೋಲು ಕೊಟ್ಟು, ಹೊಳೆಗೆ ಹೋಗಿ ಹಿಡಿದು ನೋಡು ಎಂದಳು. ಒಲೆಯ ಹೊಗೆಯಲ್ಲಿ ಒಣಗಿಸಿ, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದ ಬಿದಿರು ಅದು. ಬುಡ ಅಂಗೈಗೆ ತಕ್ಕಷ್ಟು ದಪ್ಪ, ತುದಿ ಹುಲ್ಲಿನೆಳೆಯಷ್ಟು ಸಣ್ಣ. ನೇಕಾರನಿಗೆ ಮನಸ್ಸಿರಲಿಲ್ಲ. ಹಿರಿಯಳ ಮಾತು ಮೀರಬಾರದೆಂದು ಹೊಳೆಗೆ ಹೋದ.

ಕೋಲು ಕೈಯಲ್ಲಿ ತಾನಾಗಿ ನಿಂತಿತು. ದಾರ ಅವನು ನೋಡಿದ ಕಡೆಗೇ ಹೋಗಿ ಬಿತ್ತು. ಸ್ವಲ್ಪ ಹೊತ್ತಿಗೆ ತುದಿ ಅಲುಗಿತು. ನೀರಿನಡಿಯ ಸಣ್ಣ ಜೀವದ ನಡುಕ ಬಿದಿರಿನಗುಂಟ ಹರಿದು, ಸತ್ತೇಹೋಯಿತೆಂದು ಅವನು ತಿಳಿದಿದ್ದ ಅಂಗೈಗೆ ಬಂದು ಮುಟ್ಟಿತು. ಅವನ ಕಣ್ಣು ತುಂಬಿತು. ಮೀನನ್ನು ಬಿಡಿಸಿ ನೀರಿಗೆ ಬಿಟ್ಟ. ಹೊತ್ತು ಇಳಿಯುವವರೆಗೂ ಅಲ್ಲೇ ಇದ್ದ.

ಅಲ್ಲಿಂದ ನೇರವಾಗಿ ಮುದುಕಿಯ ಗುಡಿಸಲಿಗೆ ಹೋಗಿ, ಅವಳ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ.

"ಅವ್ವಾ, ನನ್ನ ಕೈಯಲ್ಲಿ ಬಲವಿಲ್ಲವೆಂದು ನಾನೇ ಹೊಳೆಯನ್ನು ಬಿಟ್ಟಿದ್ದೆ. ಈ ಕೈಗೆ ಎಂಥ ಕೋಲು ಬೇಕೆಂದು ನಿನಗೆ ಹೇಗೆ ತಿಳಿಯಿತು?"

"ನೀನು ಎಸೆದು ಹೋದ ಗಳವನ್ನು ಎತ್ತಿಕೊಂಡೆ, ಮಗಾ. ನನ್ನ ಕೈ ನೋಯುವ ತನಕ ಹಿಡಿದುಕೊಂಡು ಕೂತೆ" ಎಂದಳು ಮುದುಕಿ.

ಕತೆ ಮುಗಿಸಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ನಿನ್ನ ಕೈಗೆ ಹಿತವಾಗಿರುವ ಪ್ರತಿಯೊಂದನ್ನೂ ನಿನಗಿಂತ ಮೊದಲು ಯಾರೋ ನೋವಿನಿಂದ ಹಿಡಿದು ನೋಡಿದ್ದಾರೆ, ಬಸವಂತ."