ಗಾಳಿಯಮ್ಮನ ಬೆನ್ನು ಮುರಿದ ಖಾಲಿ ಗಡಿಗೆ

ಕೆಮ್ಮು ನಿಂತಿತಾ ಕೂಸೇ? ಬಾ, ಅಜ್ಜಿಯ ಕಂಬಳಿಯೊಳಗೆ ಬಾ. ಕಿಟಕಿ ಹಾಕಿದ್ದೀನಿ. ಹಾಕಿದರೇನು, ಆ ಹೊಗೆ ಬಂದೇ ಬರುತ್ತೆ. ಯಾಕೆ ಅಂತ ಕೇಳಿದೆಯಲ್ಲ, ಹೇಳ್ತೀನಿ ಕೇಳು.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೊಳೆಗೆ ಇನ್ನೂ ದಡದ ಅಭ್ಯಾಸ ಆಗಿರಲಿಲ್ಲ. ಆಗ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಯಾರ ಕಣ್ಣಿಗೂ ಉರಿ ಇಲ್ಲ, ಯಾರ ಎದೆಗೂ ಭಾರ ಇಲ್ಲ. ಗಾಳಿಯಮ್ಮ ಅದನ್ನು ಬೆನ್ನ ಮೇಲೆ ಹೊತ್ತು ಮುಗಿಲಿಗೆ ಮುಟ್ಟಿಸುತ್ತಿದ್ದಳು.

ಅದಕ್ಕೊಂದು ಪದ್ಧತಿ ಇತ್ತು. ಒಲೆ ಹಚ್ಚುವ ಮೊದಲು ಮೂರು ಕಲ್ಲಿನ ಮೇಲೆ ಗಡಿಗೆ ಇಟ್ಟು ಕೇಳಬೇಕು: "ಗಾಳಿಯಮ್ಮ, ಒಂದು ಗಡಿಗೆ ಬೇಯುವಷ್ಟು ಹೊಗೆ. ಹೊರ್ತೀಯಾ?"

"ಹೊರ್ತೀನಿ ಕಣವ್ವ, ಹಚ್ಚು" ಅಂತ ಅವಳು ಬೆನ್ನು ಬಗ್ಗಿಸುತ್ತಿದ್ದಳು. ಒಮ್ಮೆ ಒಪ್ಪಿದರೆ ಮುಗಿಯಿತು, ಅರ್ಧದಲ್ಲಿ ಇಳಿಸುವ ಹಾಗಿಲ್ಲ. ಕೊಟ್ಟ ಮಾತು.

ಆ ಕಾಲದಲ್ಲಿ ಜವರ ಅಂತ ಒಬ್ಬನಿದ್ದ. ಅವನ ಮಗಳು ಪುಟ್ಟೀರಿ, ನಿನ್ನಷ್ಟೇ ಇದ್ದಳು, ನಿನ್ನ ಹಾಗೇ ಬಾಯಿಬಡುಕಿ. ಜವರ ಕಬ್ಬು ಕಡಿದು ಮುಗಿಸಿದ. ಹೊಲದ ತುಂಬ ಮೊಣಕಾಲುದ್ದ ಒಣ ತರಗು ಉಳಿಯಿತು.

"ಅದನ್ನ ನನ್ನ ಮೇಲೇ ಹರಡಪ್ಪ. ಕೊಳೆತರೆ ನನಗೆ ಊಟ" ಅಂದಿತು ಹೊಲ.

"ಕೊಳೆಯೋವರೆಗೆ ಕಾಯ್ತಾ ಕೂರೋರು ಯಾರು?" ಅಂದ ಜವರ. ಮೈಗಳ್ಳ! ಹೊಲದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಖಾಲಿ ಗಡಿಗೆ ಇಟ್ಟ. ಒಂದು ಕಾಳು ಹಾಕಲಿಲ್ಲ, ಒಂದು ಹನಿ ನೀರು ಹಾಕಲಿಲ್ಲ. ಬೆಣ್ಣೆಯಂಥ ಮಾತಲ್ಲಿ ಕೇಳಿದ: "ಗಾಳಿಯಮ್ಮ, ಒಂದು ಗಡಿಗೆ ಹೊಗೆ. ಹೊರ್ತೀಯಾ?"

"ಹೊರ್ತೀನಿ ಕಣಪ್ಪ, ಹಚ್ಚು."

ಹಚ್ಚಿದ. ಗಡಿಗೆಯ ಕೆಳಗಿನ ಬೆಂಕಿಯನ್ನು ಕೋಲಿನಿಂದ ತರಗಿಗೆ ತಳ್ಳಿದ. ಹೊಲಕ್ಕೆ ಹೊಲವೇ ಹೊತ್ತಿಕೊಂಡಿತು. ಎರೆಹುಳು ಬೆಂದವು, ಗೌಜಲಕ್ಕಿಯ ಮೊಟ್ಟೆ ಬೆಂದವು. ಗಾಳಿಯಮ್ಮನಿಗೆ ಉಸಿರು ಕಟ್ಟಿತು.

"ಇದು ಒಂದು ಗಡಿಗೆಯೇನೋ, ಪಾಪಿ?" ಅಂದಳು. ಆದರೂ ಕೊಟ್ಟ ಮಾತು. ಹೊತ್ತಳು.

ಅದನ್ನು ನೋಡಿ ಊರಿಗೆ ಊರೇ ಕಲ್ಲು ಹೂಡಿತು. ಹೊಲಹೊಲದ ಮೂಲೆಯಲ್ಲೂ ಖಾಲಿ ಗಡಿಗೆ. ಥೂ, ಇದರಲ್ಲಿ ಮಾತ್ರ ಎಂಥ ಒಗ್ಗಟ್ಟು! ಗಾಳಿಯಮ್ಮ ಹೊತ್ತಳು, ಹೊತ್ತಳು, ಹೊತ್ತೇ ಹೊತ್ತಳು. ಮುಗಿಲು ಕೂಗಿಕೊಂಡಿತು: "ಸಾಕು ಕಣೇ! ನಿನ್ನ ಹೊಗೆ ಕಂಬಳಿ ಹೊದಿಸಿದ ಹಾಗೆ ಕೂತಿದೆ. ನೆಲದ ಕಾವು ಆಚೆ ಹೋಗೋಕೆ ದಾರಿ ಇಲ್ಲ. ಬೇಯ್ತಿದ್ದೀವಿ ಎಲ್ಲಾರೂ."

ಚಳಿಗಾಲದ ಒಂದು ಬೆಳಗ್ಗೆ ಗಾಳಿಯಮ್ಮನ ಬೆನ್ನು ಮುರಿಯಿತು. ಹೊಗೆ ದೊಪ್ಪನೆ ನೆಲಕ್ಕೆ ಬಿತ್ತು.

ಬಿದ್ದ ಹೊಗೆ ಅಳುತ್ತಾ ಜವರನ ಬಾಗಿಲಿಗೆ ಬಂತು. "ಮುಗಿಲು ಬೇಡ ಅನ್ನುತ್ತೆ, ಹೊಲ ಬೇಡ ಅನ್ನುತ್ತೆ. ಹುಟ್ಟಿಸಿದವನು ನೀನು. ಇರೋಕೆ ಒಂದು ಜಾಗ ಕೊಡು."

ಜವರ ಅಗಳಿ ಹಾಕಿದ. ಸಂದಿಗೆ ಬಟ್ಟೆ ತುರುಕಿದ. ಹೊಗೆಗೆ ಬಾಗಿಲು ಬೇಕಾ? ಸೂರಿನ ಹುಲ್ಲಿನಿಂದ ಇಳಿಯಿತು. ಅದಕ್ಕೆ ಮುಖದ ಗುರುತಿಲ್ಲ. ಅಪ್ಪ ಯಾರು, ಮಗಳು ಯಾರು, ಅದಕ್ಕೇನು ಗೊತ್ತು? ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದ ಪುಟ್ಟೀರಿಯ ಎದೆಯೊಳಗೆ ಹೋಗಿ ಕೂತುಬಿಟ್ಟಿತು.

"ಅವಳನ್ನ ಬಿಡು! ನಾನಿದ್ದೀನಿ ಇಲ್ಲಿ, ನನ್ನೊಳಗೆ ಬಾ!" ಅಂತ ಜವರ ಎದೆ ಬಡಿದುಕೊಂಡ. ಹೊಲಕ್ಕೆ ಓಡಿ ಗಾಳಿಯಮ್ಮನ ಕಾಲು ಹಿಡಿದ. "ತಾಯಿ, ಒಂದೇ ಒಂದು ಎದೆಯ ಹೊಗೆ. ಹೊರ್ತೀಯಾ?"

ಅವಳು ಬಿದ್ದಲ್ಲಿಂದಲೇ ಅಂದಳು: "ಹೊರ್ತಿದ್ದೆ ಕಣಪ್ಪ. ಬೆನ್ನೆಲ್ಲಿದೆ?"

ಪುಟ್ಟೀರಿ ಮತ್ತೆ ಆಟಕ್ಕೆ ಬರಲಿಲ್ಲ. ಊರೆಲ್ಲ ಸೇರಿ ಅತ್ತಿತು. ಮುಂದಿನ ಕಟಾವು ಮುಗಿದಾಗ ಊರೆಲ್ಲ ಸೇರಿ ಮತ್ತೆ ಕಲ್ಲು ಹೂಡಿತು.

ಅದಕ್ಕೇ ಕೂಸೇ, ಚಳಿಗಾಲದಲ್ಲಿ ಹೊಗೆ ಮೇಲೇಳೋದಿಲ್ಲ, ನೆಲ ಹಿಡಿದು ಮನೆಮನೆ ಹುಡುಕುತ್ತೆ. ನಿನ್ನೆ ಸಂಜೆ ನಿನ್ನ ಚಿಕ್ಕಪ್ಪ ಕಬ್ಬಿನ ತರಗಿಗೆ ಕಡ್ಡಿ ಗೀರಿದ. ಇವತ್ತು ಕಿಟಕಿಯಾಚೆ ಬೆಳ್ಳಗೆ ನಿಂತಿದೆಯಲ್ಲ, ಅದು ಹುಡುಕಿಕೊಂಡು ಬಂದಿರೋದು ಅವನನ್ನ, ಅದಕ್ಕೆ ಸಿಕ್ಕಿರೋದು ನೀನು.